ಸೆಲೆಕ್ಟರ್ ಕಿವಿಗೆ ಬೀಳದ ಒಂದು ಜಾಗ ಬೇಕು

2024ರ ಏಪ್ರಿಲ್ 15. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿಗೂ ಸನ್‌ರೈಸರ್ಸ್ ಹೈದರಾಬಾದ್‌ಗೂ ಪಂದ್ಯ. ಸನ್‌ರೈಸರ್ಸ್ ಆ ರಾತ್ರಿ 287 ರನ್ ಚಚ್ಚಿತು. ಆ ಗಲಾಟೆಯಲ್ಲಿ ಇನ್ನೊಂದು ಸುದ್ದಿ ಸುಮ್ನೆ ಪಕ್ಕಕ್ಕೆ ಸರಿದುಹೋಯಿತು. ಆರ್‌ಸಿಬಿಯ ಹನ್ನೊಂದರಲ್ಲಿ ಗ್ಲೆನ್ ಮ್ಯಾಕ್ಸ್‌ವೆಲ್ ಇರಲಿಲ್ಲ. ಗಾಯ ಆಗಿರಬೇಕು, ಇಲ್ಲವೇ ತಂಡದವರೇ ಕೈಬಿಟ್ಟಿರಬೇಕು ಎಂದು ಯಾರಾದರೂ ಅಂದುಕೊಳ್ಳುವಂತಿತ್ತು. ಆರು ಇನಿಂಗ್ಸ್‌ಗಳಲ್ಲಿ ಅವರ ರನ್ ಬರೀ 32 ಇತ್ತಲ್ಲ.

ಪಂದ್ಯ ಮುಗಿದ ಮೇಲೆ ಮ್ಯಾಕ್ಸ್‌ವೆಲ್ ಅವರೇ ಪತ್ರಕರ್ತರ ಮುಂದೆ ಬಂದು ಕೂತರು. ನಾಯಕ ಫಾಫ್ ಡುಪ್ಲೆಸಿ ಮತ್ತು ಕೋಚ್‌ಗಳ ಹತ್ತಿರ ತಾನೇ ಹೋಗಿದ್ದೆ, ನನ್ನ ಬದಲು ಬೇರೆಯವರನ್ನು ಆಡಿಸಿ ಎಂದು ಕೇಳಿದ್ದೆ ಎಂದರು. ಮೈಗೂ ಮನಸ್ಸಿಗೂ ಬಿಡುವು ಬೇಕಾಗಿದೆ ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ತಂಡ ಒಪ್ಪಿಕೊಂಡಿತು.

ಅವರಿಗೆ ಇದು ಹೊಸದಲ್ಲ. 2019ರ ಅಕ್ಟೋಬರ್ ಕೊನೆಯಲ್ಲಿ, ಶ್ರೀಲಂಕಾ ವಿರುದ್ಧದ ಸರಣಿಯ ನಡುವೆಯೇ ಮಾನಸಿಕ ಆರೋಗ್ಯದ ಕಾರಣ ಹೇಳಿ ಅವರು ಆಟದಿಂದ ದೂರ ಸರಿದಿದ್ದರು. ಆಗ ಅವರ ಪರವಾಗಿ ಮೊದಲು ಮಾತನಾಡಿದವರಲ್ಲಿ ತಂಡದ ಮನಶ್ಶಾಸ್ತ್ರಜ್ಞರೂ ಇದ್ದರು. ಅವರ ಜಾಗ ಹೋಗಲಿಲ್ಲ. 2023ರ ವಿಶ್ವಕಪ್‌ನಲ್ಲಿ, ವಾಂಖೆಡೆಯಲ್ಲಿ, ಕಾಲು ಹಿಡಿದುಕೊಂಡು ಕುಂಟುತ್ತಲೇ ಅಫ್ಘಾನಿಸ್ತಾನದ ವಿರುದ್ಧ ಔಟಾಗದೆ 201 ಹೊಡೆದದ್ದು ಇದೇ ಮನುಷ್ಯ.

ಈಗ ನಮ್ಮ ಇಶಾನ್ ಕಿಶನ್ ಕಥೆ ನೋಡಿ. 2022ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ 210 ರನ್ ಹೊಡೆದ ಹುಡುಗ. ಆಮೇಲೆ ತಂಡದ ಜೊತೆ ಊರೂರು ಸುತ್ತಿದ್ದೇ ಬಂತು, ಬೆಂಚಿನ ಮೇಲೆ ಕೂತದ್ದೇ ಜಾಸ್ತಿ. ಸರಿಯಾಗಿ ಒಂದು ವರ್ಷಕ್ಕೆ, 2023ರ ಡಿಸೆಂಬರ್‌ನಲ್ಲಿ, ದಕ್ಷಿಣ ಆಫ್ರಿಕಾದ ಟೆಸ್ಟ್ ಸರಣಿಯಿಂದ ಹಿಂದೆ ಸರಿದರು. ಬಿಸಿಸಿಐ ಪ್ರಕಟಣೆಯಲ್ಲಿ ಇದ್ದದ್ದು 'ವೈಯಕ್ತಿಕ ಕಾರಣ' ಎಂದು ಮಾತ್ರ. 2024ರ ಫೆಬ್ರವರಿ 28ರಂದು ಕೇಂದ್ರ ಗುತ್ತಿಗೆಯ, ಅಂದರೆ ಮಂಡಳಿ ಆಟಗಾರರ ಜೊತೆ ಮಾಡಿಕೊಳ್ಳುವ ವರ್ಷದ ಒಪ್ಪಂದದ, ಪಟ್ಟಿ ಬಂದಾಗ ಅವರ ಹೆಸರು ಇರಲಿಲ್ಲ. ರಾಷ್ಟ್ರೀಯ ತಂಡದಲ್ಲಿ ಆಡದಿದ್ದಾಗ ದೇಶೀಯ ಕ್ರಿಕೆಟ್‌ಗೆ ಆದ್ಯತೆ ಕೊಡಬೇಕು ಎಂದು ಮಂಡಳಿ ಹೇಳಿತು. ಕೆಲವು ತಿಂಗಳ ಮೇಲೆ ಇಶಾನ್ ಒಂದು ಸಂದರ್ಶನದಲ್ಲಿ ಮಾತನಾಡಿದರು. ಪ್ರಯಾಣದ ದಣಿವಿತ್ತು, ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಬಿಡುವು ತೆಗೆದುಕೊಂಡೆ, ಆದರೆ ಮನೆಯವರು ಮತ್ತು ಹತ್ತಿರದ ಕೆಲವರನ್ನು ಬಿಟ್ಟರೆ ಯಾರಿಗೂ ಅದು ಅರ್ಥವಾಗಲಿಲ್ಲ ಎಂಬುದು ಅವರ ನೋವಾಗಿತ್ತು.

ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಬರುವುದಿಲ್ಲ, ಒಪ್ಪುತ್ತೇನೆ. ಒಂದು ಫ್ರಾಂಚೈಸಿ, ಇನ್ನೊಂದು ದೇಶದ ಮಂಡಳಿ. ಇಶಾನ್ ರಣಜಿ ಆಡಲಿಲ್ಲ ಎಂಬ ದೂರಿಗೂ ತನ್ನದೇ ತರ್ಕ ಇತ್ತು. ಮುಂದೆ ಅವರು ಮರಳಿಯೂ ಬಂದರು. ಆದರೆ ಆ ಫೆಬ್ರವರಿಯ ಸುದ್ದಿ ಓದಿದ ಇಪ್ಪತ್ತು ವರ್ಷದ ಆಟಗಾರನ ತಲೆಯಲ್ಲಿ ಯಾವ ಪಾಠ ಕೂತಿರುತ್ತದೆ? 'ಸುಸ್ತಾಗಿದೆ ಅಂತ ಬಾಯಿ ಬಿಟ್ಟರೆ ಜಾಗ ಹೋಗುತ್ತದೆ.' ಅವನಿಗೆ ಮಂಡಳಿಯ ಪ್ರಕಟಣೆಯ ಒಳಸೂಕ್ಷ್ಮ ಬೇಕಾಗಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲ, ಅಷ್ಟು ಸಾಕು.

ಬಾಯಿ ಬಿಟ್ಟರೆ ಏನೇನು ಹೋಗುತ್ತದೆ ಎಂದು ಲೆಕ್ಕ ಹಾಕೋಣ. 2021ರಲ್ಲಿ ಬಿಸಿಸಿಐ ಪ್ರಕಟಿಸಿದ ದೇಶೀಯ ಸಂಭಾವನೆ ಹೀಗಿತ್ತು: 20 ಪಂದ್ಯದವರೆಗೆ ಆಡಿದವರಿಗೆ ದಿನಕ್ಕೆ 40,000 ರೂಪಾಯಿ, 21ರಿಂದ 40 ಪಂದ್ಯ ಆಡಿದವರಿಗೆ 50,000, ಅದಕ್ಕಿಂತ ಹೆಚ್ಚು ಆಡಿದವರಿಗೆ 60,000. ಆಡುವ ಹನ್ನೊಂದರಲ್ಲಿ ಇಲ್ಲದೆ ಮೀಸಲಿನಲ್ಲಿದ್ದರೆ ಅರ್ಧ. ಅಂದರೆ ನಾಲ್ಕು ದಿನದ ರಣಜಿ ಪಂದ್ಯವೊಂದಕ್ಕೆ ಹೊಸ ಹುಡುಗನಿಗೆ 1,60,000. ಮೀಸಲಿನಲ್ಲಿ ಕೂತರೆ 80,000. ತಂಡದಲ್ಲೇ ಇಲ್ಲದಿದ್ದರೆ ಸೊನ್ನೆ. ವರ್ಷದಲ್ಲಿ ಕೆಲವೇ ತಿಂಗಳ ದುಡಿಮೆ ಇದು. ಎರಡು ವಾರ ನಿದ್ದೆ ಬಂದಿಲ್ಲ, ಎದೆ ಹೊಡೆದುಕೊಳ್ಳುತ್ತಿದೆ ಎಂದು ಅವನು ಕೋಚ್ ಹತ್ತಿರ ಹೋಗಿ ಹೇಳಿದರೆ ಅದರ ಬೆಲೆ ಎಷ್ಟು ಎಂದು ಅವನಿಗೂ ಗೊತ್ತು, ಮನೆಯವರಿಗೂ ಗೊತ್ತು.

ಇದು ಕ್ರಿಕೆಟ್. ದುಡ್ಡಿರುವ ಆಟ. ಹರಾಜಿನಲ್ಲಿ ಈ ವರ್ಷ ಕೂಗಿಸಿಕೊಂಡು ಮುಂದಿನ ವರ್ಷ ಯಾರಿಗೂ ಬೇಡವಾಗುವ ಕಬಡ್ಡಿ ಆಟಗಾರ, ಕ್ರೀಡಾ ಕೋಟಾದ ಕೆಲಸ ನೆಚ್ಚಿಕೊಂಡಿರುವ ಓಟಗಾರ್ತಿ, ಇವರ ಕಾಲ ಕೆಳಗಿನ ನೆಲ ಇನ್ನೂ ತೆಳು.

ಅಭ್ಯಾಸ ಶಿಬಿರಗಳ ಒಂದು ದೃಶ್ಯ ಹೇಳುತ್ತೇನೆ. ಬೆಳಿಗ್ಗೆ ಎದ್ದ ತಕ್ಷಣ ಆಟಗಾರರು ಫೋನಿನಲ್ಲಿ ಒಂದು ಫಾರಂ ತುಂಬಬೇಕು. ನಿದ್ದೆ ಹೇಗಿತ್ತು, ಮೈಕೈ ನೋವು ಎಷ್ಟು, ದಣಿವು ಎಷ್ಟು, ಮೂಡ್ ಹೇಗಿದೆ. ಒಂದರಿಂದ ಐದರವರೆಗೆ ಅಂಕ. ತುಂಬ ಒಳ್ಳೆಯ ಉದ್ದೇಶದಿಂದ ಬಂದ ಪದ್ಧತಿ. ಆದರೆ ಅದನ್ನು ನೋಡುವವರು ಯಾರು? ಫಿಟ್‌ನೆಸ್ ಟ್ರೇನರ್, ಫಿಸಿಯೊ, ಕೊನೆಗೆ ಕೋಚ್. ಇವತ್ತು ಸಂಜೆ ಹದಿನಾರರ ಪಟ್ಟಿ ಬರೆಯುವವರೂ ಅವರೇ. ಮೂಡ್ ಎಂಬ ಸಾಲಿನ ಮುಂದೆ ಹೆಬ್ಬೆರಳು ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ನಾಲ್ಕನ್ನು ಒತ್ತುತ್ತದೆ. ನಿನ್ನೆಯೂ ನಾಲ್ಕು, ನಾಳೆಯೂ ನಾಲ್ಕು. ಆ ಅಂಕಿಗಳನ್ನು ಗ್ರಾಫ್ ಮಾಡಿ ಏನು ಪ್ರಯೋಜನ, ಅಲ್ವಾ?

ನನ್ನ ವಾದದ ತಿರುಳು ಇಲ್ಲಿದೆ. ಆಟಗಾರರು ಮನಸ್ಸಿನ ಕಷ್ಟ ಹೇಳಿಕೊಳ್ಳುವುದಿಲ್ಲ ಎಂದು ನಾವು ಅವರ ಸಂಕೋಚವನ್ನು ದೂರುತ್ತೇವೆ. 'ಮಾತಾಡಿ, ಮಾತಾಡಿ' ಎಂದು ಪೋಸ್ಟರ್ ಹಾಕುತ್ತೇವೆ. ಸಂಕೋಚ ಇದೆ, ನಿಜ. ಆದರೆ ಸಂಕೋಚಕ್ಕಿಂತ ದೊಡ್ಡದು ಲೆಕ್ಕಾಚಾರ. ಆಯ್ಕೆ ಮಾಡುವವರ ಕೈಕೆಳಗೆ ಕೆಲಸ ಮಾಡುವವರ ಹತ್ತಿರ ಯಾರೂ ಒಡೆದ ಮನಸ್ಸನ್ನು ಬಿಚ್ಚಿಡುವುದಿಲ್ಲ.

ಯಾರ ಕೆಲಸ ಯಾವುದು

ಕ್ರೀಡಾ ಸುದ್ದಿಗಳಲ್ಲಿ 'ಮೆಂಟಲ್ ಕೋಚ್' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುತ್ತೇವೆ. ಒಳಗೆ ಬೇರೆ ಬೇರೆ ಕೆಲಸಗಳಿವೆ.

ಮೆಂಟಲ್ ಕಂಡೀಷನಿಂಗ್ ಕೋಚ್ ಮಾಡುವುದು ಆಟಕ್ಕೆ ಮನಸ್ಸನ್ನು ಹದಗೊಳಿಸುವ ಕೆಲಸ. ಪ್ಯಾಡಿ ಅಪ್ಟನ್ ಹೆಸರು ನಮಗೆಲ್ಲ ಗೊತ್ತು. 2011ರ ವಿಶ್ವಕಪ್ ಗೆದ್ದ ತಂಡದ ಜೊತೆ ಇದ್ದರು, 2022ರಲ್ಲಿ ಮತ್ತೆ ಬಂದರು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಮೊದಲು ಪುರುಷರ ಹಾಕಿ ತಂಡದ ಜೊತೆ ಕೆಲಸ ಮಾಡಿದರು. ಆ ತಂಡವನ್ನು ಸ್ವಿಟ್ಜರ್ಲೆಂಡಿನಲ್ಲಿ ಸಾಹಸಿ ಮೈಕ್ ಹಾರ್ನ್ ಅವರ ಶಿಬಿರಕ್ಕೂ ಕರೆದೊಯ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಸಿಕ್ಕಿ, ಪಂದ್ಯದ ಬಹುಪಾಲು ಹತ್ತೇ ಜನ ಆಡಿ, ಬ್ರಿಟನ್ನನ್ನು ಶೂಟೌಟ್‌ನಲ್ಲಿ ಸೋಲಿಸಿದ್ದನ್ನು ನೋಡಿದವರು ಇಂಥ ತಯಾರಿ ಬೇಡ ಎಂದು ಹೇಳಲಾರರು. 2022ರ ಮಹಿಳಾ ವಿಶ್ವಕಪ್‌ಗೆ ತಂಡದ ಜೊತೆ ಹೋಗಿದ್ದ ಕ್ರೀಡಾ ಮನಶ್ಶಾಸ್ತ್ರಜ್ಞೆ ಮುಗ್ಧಾ ಬವರೆ ಅವರಿಂದ ತನಗೆ ತುಂಬ ಸಹಾಯವಾಯಿತು ಎಂದು ಹರ್ಮನ್‌ಪ್ರೀತ್ ಕೌರ್ ಹೇಳಿದ್ದರು.

ಆದರೆ ಖಿನ್ನತೆಗೆ ಚಿಕಿತ್ಸೆ ಬೇರೆಯೇ ವಿದ್ಯೆ. ಅದಕ್ಕೆ ಮನೋವೈದ್ಯರು ಬೇಕು, ಅಥವಾ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ಪೆನಾಲ್ಟಿ ಹೊಡೆಯುವಾಗ ಉಸಿರು ಹೇಗೆ ಹಿಡಿತದಲ್ಲಿಡಬೇಕು ಎಂದು ಕಲಿಸುವವರೇ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದವರಿಗೂ ಮದ್ದು ಎಂದುಕೊಂಡರೆ ತಪ್ಪಾಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಮೊದಲನೆಯವರ ಯಶಸ್ಸು ಅಳೆಯುವುದು ಪದಕದಿಂದ. ಎರಡನೆಯವರು ಕೆಲವೊಮ್ಮೆ 'ಈ ಟೂರ್ನಿ ಆಡಬೇಡಿ' ಎಂದು ಹೇಳಬೇಕಾಗುತ್ತದೆ. ತಂಡದಿಂದಲೇ ಸಂಬಳ ಪಡೆಯುವವರಿಗೆ ಆ ಮಾತು ಹೇಳುವುದು ಸುಲಭವಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ಆರೋಗ್ಯ ಮತ್ತು ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿ ಇಡುವ ಹಕ್ಕನ್ನು ಕೊಡುತ್ತದೆ. ಜೀವಕ್ಕೆ ಅಪಾಯ ಇರುವುದೂ ಸೇರಿ, ಕಾಯ್ದೆಯೇ ಹೆಸರಿಸಿದ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. 'ಇವನನ್ನು ಮುಂದಿನ ಪ್ರವಾಸಕ್ಕೆ ಕರೆದೊಯ್ಯಬಹುದಾ' ಎಂದು ತಂಡದ ಮ್ಯಾನೇಜರ್ ಕೇಳುವುದು ಆ ವಿನಾಯಿತಿಯಲ್ಲಿ ಬರುವುದಿಲ್ಲ. ಆದರೆ ಈ ಹಕ್ಕು ತನಗಿದೆ ಎಂದು ಕ್ರೀಡಾ ವಸತಿನಿಲಯಕ್ಕೆ ಹನ್ನೆರಡು ಹದಿಮೂರನೇ ವಯಸ್ಸಿಗೆ ಬಂದು ಸೇರಿದ ಹುಡುಗಿಗೆ ಯಾರು ಹೇಳಿದ್ದಾರೆ? ಅವಳಿಗೆ ಕೋಚೇ ಗುರು, ಕೋಚೇ ಪೋಷಕರು, ಅವಳನ್ನು ತಂಡಕ್ಕೆ ಆರಿಸುವವರೂ ಅವರೇ.

ಗೆದ್ದವರಿಗೂ ಬರುತ್ತದೆ

'ಫಾರ್ಮ್ ಹೋದಾಗ ಎಲ್ಲರಿಗೂ ಬೇಜಾರಾಗುತ್ತದೆ, ರನ್ ಬಂದರೆ ಸರಿಹೋಗುತ್ತದೆ' ಎಂಬ ಮಾತು ಕೇಳಿರುತ್ತೀರಿ. ಅಭಿನವ್ ಬಿಂದ್ರಾ ಅವರ ಬದುಕು ಇದಕ್ಕೆ ಉತ್ತರ. 2008ರಲ್ಲಿ ಬೀಜಿಂಗ್‌ನಲ್ಲಿ ದೇಶಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ತನ್ನ ಬದುಕಿನ ಅತಿ ದೊಡ್ಡ ಮಾನಸಿಕ ಸಂಕಟ ಬಂದದ್ದು ಸೋತಾಗ ಅಲ್ಲ, ಆ ಗೆಲುವಿನ ಮೇಲೆ ಎಂದು ಅವರು ಹಲವು ಸಲ ಹೇಳಿದ್ದಾರೆ. ಒಂದೇ ಗುರಿಗಾಗಿ ವರ್ಷಗಟ್ಟಲೆ ಬದುಕಿ, ಅದು ಕೈಗೆ ಸಿಕ್ಕ ಮೇಲೆ ಉಳಿದದ್ದು ಖಾಲಿತನ.

ನಮ್ಮ ರಾಬಿನ್ ಉತ್ತಪ್ಪ 2020ರಲ್ಲಿ ಲಾಕ್‌ಡೌನ್ ಸಮಯದ ಒಂದು ಆನ್‌ಲೈನ್ ಕಾರ್ಯಕ್ರಮದಲ್ಲಿ ತಮ್ಮ ಕಥೆ ಹೇಳಿಕೊಂಡರು. 2007ರ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. ಆಮೇಲೆ 2009ರಿಂದ 2011ರವರೆಗೆ ಬದುಕುವುದೇ ಬೇಡ ಅನ್ನಿಸುವಷ್ಟು ಕಷ್ಟದಲ್ಲಿ ದಿನ ದೂಡಿದರು. ಆಗ ಕ್ರಿಕೆಟ್ ಆಲೋಚನೆಯೇ ಇರಲಿಲ್ಲ, ಈ ದಿನ ಹೇಗೆ ಕಳೆಯುವುದು ಎಂಬುದೇ ದೊಡ್ಡ ವಿಷಯವಾಗಿತ್ತು ಎಂದರು. ಡೈರಿ ಬರೆಯಲು ಶುರುಮಾಡಿದರು, ಬೇರೆಯವರ ಸಹಾಯ ಪಡೆದರು. 2014ರ ಐಪಿಎಲ್‌ನಲ್ಲಿ 660 ರನ್ ಹೊಡೆದು ಆರೆಂಜ್ ಕ್ಯಾಪ್ ಹಾಕಿಕೊಂಡರು. ಕರ್ನಾಟಕ ಸತತ ಎರಡು ವರ್ಷ ರಣಜಿ ಗೆದ್ದ ತಂಡದಲ್ಲಿ ಅವರಿದ್ದರು. ಆ ಕರಾಳ ದಿನಗಳಲ್ಲಿ ಟಿವಿ ಮುಂದೆ ಕೂತು 'ಉತ್ತಪ್ಪ ಕಥೆ ಮುಗೀತು' ಎಂದವರು ಎಷ್ಟು ಜನವೋ. ಅವರು ಒಳಗೆ ಏನನ್ನು ಹೊತ್ತುಕೊಂಡಿದ್ದರು ಎಂಬುದು ನಮಗೆ ತಿಳಿಯಲು ಹತ್ತು ವರ್ಷ ಬೇಕಾಯಿತು.

ಇನ್ನು ಜೆಮಿಮಾ ರಾಡ್ರಿಗಸ್. 2025ರ ಅಕ್ಟೋಬರ್ 30, ನವಿ ಮುಂಬೈ, ವಿಶ್ವಕಪ್ ಸೆಮಿಫೈನಲ್. ಆಸ್ಟ್ರೇಲಿಯಾ ಕೊಟ್ಟ ಗುರಿ 339. ಔಟಾಗದೆ 127 ಹೊಡೆದು ಗೆಲ್ಲಿಸಿದರು. ಮುಖದ ತುಂಬ ಬೆವರು, ಜರ್ಸಿಯ ತುಂಬ ಮಣ್ಣು. ಅವತ್ತು ಪತ್ರಿಕಾಗೋಷ್ಠಿಯಲ್ಲಿ ಅವರು ಮಾತಾಡಿದ್ದು ಬ್ಯಾಟಿಂಗ್ ಬಗ್ಗೆ ಮಾತ್ರ ಅಲ್ಲ. ಟೂರ್ನಿಯ ಶುರುವಿನಲ್ಲಿ ವಿಪರೀತ ಆತಂಕ ಕಾಡುತ್ತಿತ್ತು, ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದೆ, ಆಮೇಲೆ ತಂಡದಿಂದಲೂ ಕೈಬಿಟ್ಟರು ಎಂದು ಬಿಚ್ಚಿ ಹೇಳಿದರು. ಇದನ್ನು ನೋಡುತ್ತಿರುವ ಯಾರಿಗಾದರೂ ಇದೇ ಕಷ್ಟ ಇರಬಹುದು, ಅದಕ್ಕೇ ಹೇಳುತ್ತಿದ್ದೇನೆ ಎಂದರು. ತನ್ನನ್ನು ಹಿಡಿದು ನಿಲ್ಲಿಸಿದವರು ಎಂದು ಅವರು ಹೆಸರು ಹೇಳಿದ್ದು ಮನೆಯವರದು, ಗೆಳತಿಯರದು. ಅರುಂಧತಿ ರೆಡ್ಡಿ ಮುಂದೆ ದಿನಾ ಅನ್ನುವಷ್ಟು ಅತ್ತಿದ್ದಾರೆ. ಸ್ಮೃತಿ ಮಂಧಾನ ನೆಟ್ಸ್ ಹತ್ತಿರ ಬಂದು ಜಾಸ್ತಿ ಏನೂ ಹೇಳದೆ ಸುಮ್ನೆ ನಿಂತಿರುತ್ತಿದ್ದರು.

ಆ ಚಿತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ನೆಟ್ಸ್ ಪಕ್ಕ ಸುಮ್ನೆ ನಿಂತ ಗೆಳತಿ. ಎಷ್ಟು ದೊಡ್ಡ ಕೆಲಸ ಅದು. ಹಾಗೆಯೇ ಎಷ್ಟು ಅದೃಷ್ಟದ ಮಾತು ಕೂಡ. ಅಂಥ ಗೆಳತಿ ಇಲ್ಲದ ತಂಡದಲ್ಲಿರುವವರ ಗತಿ ಏನು? ಒಂಟಿ ಆಟಗಾರರ ಕಥೆ ಏನು? ಕುಸ್ತಿಪಟು ವಿನೇಶ್ ಫೋಗಟ್ ಟೋಕಿಯೊದಲ್ಲಿ ಸೋತು ಬಂದಾಗ ಕುಸ್ತಿ ಫೆಡರೇಷನ್ ಅವರನ್ನು ಅಮಾನತು ಮಾಡಿತ್ತು. ಆಗ ಬರೆದ ಅಂಕಣದಲ್ಲಿ ಅವರು, ಮನಸ್ಸು ಸಿದ್ಧವಿಲ್ಲ ಎಂದು ಹಿಂದೆ ಸರಿದ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್‌ರನ್ನು ಎಲ್ಲರೂ ಕೊಂಡಾಡುತ್ತೀರಿ, ಅದೇ ಮಾತನ್ನು ಇಲ್ಲಿ ಹೇಳಿ ನೋಡಿ ಎಂಬರ್ಥದಲ್ಲಿ ಕೇಳಿದ್ದರು.

ಫೋನಿನ ವಿಷಯವೂ ಇದೆ. 2022ರ ಏಷ್ಯಾ ಕಪ್‌ನಲ್ಲಿ ಒಂದು ಕ್ಯಾಚ್ ಬಿಟ್ಟದ್ದಕ್ಕೆ ಅರ್ಷದೀಪ್ ಸಿಂಗ್ ಮೇಲೆ ಬಂದು ಬಿದ್ದ ಬೈಗುಳ, ಅದರ ಹಿಂದಿನ ವರ್ಷ ಮೊಹಮ್ಮದ್ ಶಮಿ ಕಂಡದ್ದು, ಇವೆಲ್ಲ ನಮ್ಮ ನಿಮ್ಮಂಥ ಅಭಿಮಾನಿಗಳ ಕೈಯಿಂದಲೇ ಹೋದದ್ದು.

ಮಾತ್ರೆಯ ಭಯ

ಯಾರೂ ಜಾಸ್ತಿ ಮಾತಾಡದ ಒಂದು ತೊಡಕು ಇದೆ. ಧೈರ್ಯ ಮಾಡಿ ಮನೋವೈದ್ಯರ ಹತ್ತಿರ ಹೋದ ಆಟಗಾರರಿಗೂ ಮಾತ್ರೆಯ ಚೀಟಿ ಕೈಗೆ ಬಂದಾಗ ಎದೆ ಧಸಕ್ ಎನ್ನುತ್ತದೆ. ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ?

ವಾಸ್ತವ ಅಷ್ಟು ಭಯಂಕರವಾಗಿಲ್ಲ. ಖಿನ್ನತೆ ಮತ್ತು ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಫ್ಲುಆಕ್ಸೆಟಿನ್, ಎಸಿಟಲೊಪ್ರಾಮ್ ತರಹದ ಮಾತ್ರೆಗಳು ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಎಚ್ಚರ ಬೇಕಾದ್ದು ಬೇರೆ ಕಡೆ. ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎಂದರೆ ಎಷ್ಟೋ ವೈದ್ಯರು ಪ್ರೊಪ್ರನೊಲಾಲ್ ಬರೆದುಕೊಡುತ್ತಾರೆ. ಅದು ಬೀಟಾ ಬ್ಲಾಕರ್. ಶೂಟಿಂಗ್ ಮತ್ತು ಬಿಲ್ಲುಗಾರಿಕೆಯಲ್ಲಿ ಅದಕ್ಕೆ ನಿಷೇಧ ಇದೆ, ಕೈ ನಡುಗದಂತೆ ಮಾಡುವುದೇ ಅಲ್ಲಿ ಅನುಕೂಲವಲ್ಲವೇ. ಗಮನದ ಕೊರತೆಗೆ ಕೊಡುವ ಮಿಥೈಲ್‌ಫೆನಿಡೇಟ್ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. ನಿಜಕ್ಕೂ ಅದು ಬೇಕಿದ್ದವರು ಟಿಯುಇ ಎಂಬ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಬಹುದು. ಯಾವ ಔಷಧಿ ಸರಿ, ಯಾವುದು ಅಲ್ಲ ಎಂದು ನೋಡಲು ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್ ಇದೆ. ವೈದ್ಯರಿಗೆ 'ನಾನು ಆಟಗಾರ, ನನ್ನ ಆಟ ಇಂಥದ್ದು' ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಭಯಕ್ಕೆ ಬಿದ್ದು ಮಾತ್ರೆಯನ್ನು ನಡುವೆ ತಾನೇ ನಿಲ್ಲಿಸುವುದು ಮಾತ್ರ ಅಪಾಯ.

ಇಂಗ್ಲೆಂಡಿನಲ್ಲಿ ಏನಿದೆ, ನಮ್ಮಲ್ಲಿ ಏನಿಲ್ಲ

2006ರಲ್ಲಿ ಭಾರತ ಪ್ರವಾಸದ ನಡುವೆ ಇಂಗ್ಲೆಂಡಿನ ಮಾರ್ಕಸ್ ಟ್ರೆಸ್ಕಾಥಿಕ್ ಮನೆಗೆ ಮರಳಿದಾಗ ಖಿನ್ನತೆ ಎಂಬ ಪದವನ್ನು ಯಾರೂ ಹೊರಗೆ ಆಡಲಿಲ್ಲ. 2021ರ ಜುಲೈನಲ್ಲಿ ಬೆನ್ ಸ್ಟೋಕ್ಸ್ ಅನಿರ್ದಿಷ್ಟ ಬಿಡುವು ತೆಗೆದುಕೊಂಡಾಗ ಮಂಡಳಿಯೇ ಕಾರಣವನ್ನು ಹೇಳಿತು. ಮರು ವರ್ಷ ಅವರನ್ನೇ ಟೆಸ್ಟ್ ನಾಯಕನನ್ನಾಗಿ ಮಾಡಿತು. ಹದಿನೈದು ವರ್ಷದಲ್ಲಿ ಇಷ್ಟು ಬದಲಾವಣೆ ಆದದ್ದಕ್ಕೆ ಹಲವು ಕಾರಣ. ನನಗೆ ಮುಖ್ಯ ಅನ್ನಿಸುವುದು ಒಂದು. ಅಲ್ಲಿ ಆಟಗಾರರದ್ದೇ ಸಂಘವಿದೆ, ಪಿಸಿಎ. ಇಪ್ಪತ್ನಾಲ್ಕು ಗಂಟೆಯ ಗುಟ್ಟಿನ ಸಹಾಯವಾಣಿ ನಡೆಸುವುದು ಅದು. ಕರೆ ಮಾಡಿದ್ದು ಕೋಚ್‌ಗೆ ಗೊತ್ತಾಗುವುದಿಲ್ಲ, ಅವರು ಆಡುವ ಕೌಂಟಿ ತಂಡಕ್ಕೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಇದ್ದೂ ಎಲ್ಲರನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ ಎಂಬುದೂ ಸತ್ಯ. 100 ಟೆಸ್ಟ್ ಆಡಿದ ಗ್ರಹಾಂ ಥಾರ್ಪ್ 2024ರ ಆಗಸ್ಟ್‌ನಲ್ಲಿ ತೀರಿಹೋದರು. ಖಿನ್ನತೆಯ ಜೊತೆ ಹೋರಾಡಿ ಅವರು ತಾವೇ ಬದುಕು ಮುಗಿಸಿಕೊಂಡರು ಎಂದು ಕುಟುಂಬದವರು ಮುಚ್ಚಿಡದೆ ಹೇಳಿದರು. ಮರು ವರ್ಷ ಆಗಸ್ಟ್ 1, ಅವರ ಹುಟ್ಟುಹಬ್ಬ. ಓವಲ್‌ನಲ್ಲಿ ಭಾರತ ಇಂಗ್ಲೆಂಡ್ ಟೆಸ್ಟ್ ನಡೆಯುತ್ತಿತ್ತು. ಅವರು ಕಟ್ಟುತ್ತಿದ್ದಂಥ ಹಣೆಪಟ್ಟಿ ಕಟ್ಟಿಕೊಂಡು ಜನ ಸ್ಟ್ಯಾಂಡ್‌ಗಳಲ್ಲಿ ಕೂತಿದ್ದರು.

ನಮ್ಮಲ್ಲಿ ಇಂಡಿಯನ್ ಕ್ರಿಕೆಟರ್ಸ್ ಅಸೋಸಿಯೇಷನ್ 2019ರಲ್ಲಿ ಶುರುವಾಯಿತು. ಆದರೆ ಅದು ನಿವೃತ್ತರಿಗೆ ಮಾತ್ರ. ಇವತ್ತು ಆಡುತ್ತಿರುವವರಿಗೆ ಸಂಘ ಇಲ್ಲ. ಫುಟ್‌ಬಾಲ್‌ನವರಿಗೆ 2006ರಿಂದ ತಮ್ಮದೊಂದು ಸಂಘ ಇದೆ. ಉಳಿದ ಬಹುತೇಕ ಆಟಗಳಲ್ಲಿ ಆಟಗಾರರಿಗೆ ಫೆಡರೇಷನ್ ಒಂದೇ ಬಾಗಿಲು.

2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಒಪ್ಪಿತು. ಅದರ ಪ್ರಕಾರ ಪ್ರತಿ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲೂ ಆಟಗಾರರ ಸಮಿತಿ ಇರಬೇಕು, ಸುರಕ್ಷಿತ ಕ್ರೀಡಾ ನೀತಿ ಇರಬೇಕು, ದೂರು ಕೇಳುವ ವ್ಯವಸ್ಥೆ ಇರಬೇಕು. ನನ್ನ ಆಸೆ ಇಷ್ಟು: ಆ ಸಮಿತಿಗಳು ಎರಡು ವಿಷಯ ಹಿಡಿದು ಕೂರಲಿ. ಒಂದು, ಮನಸ್ಸಿನ ಚಿಕಿತ್ಸೆಯ ಹಣ ಫೆಡರೇಷನ್‌ನಿಂದ ಬರಲಿ, ಆದರೆ ವೈದ್ಯರನ್ನು ಆಟಗಾರರೇ ಆರಿಸಿಕೊಳ್ಳಲಿ, ವರದಿ ಯಾರ ಕೈಗೂ ಹೋಗದಿರಲಿ. ಎರಡು, ಮಂಡಿಯ ಲಿಗಮೆಂಟ್ ಹರಿದವರಿಗೆ ಸಿಗುವ ರಜೆ, ಸಂಬಳ, ವಾಪಸು ಬರುವ ಅವಕಾಶ ಮನಸ್ಸಿನ ಕಾಯಿಲೆ ಇರುವವರಿಗೂ ಸಿಗಲಿ. ವಿಮೆಯಲ್ಲಿ ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ನೋಡಬೇಕು ಎಂದು 2017ರ ಕಾಯ್ದೆ ಆಗಲೇ ಹೇಳಿದೆ. ಆಟದ ಗುತ್ತಿಗೆಗೂ ಅದೇ ನ್ಯಾಯ ಬರಲಿ ಎಂದು ಕೇಳುವುದು ದುಬಾರಿ ಬೇಡಿಕೆಯೇನಲ್ಲ.

ಅದೆಲ್ಲ ಆಗುವವರೆಗೆ, ಯಾವುದೋ ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ನಿದ್ದೆ ಇಲ್ಲದೆ ಇದನ್ನು ಓದುತ್ತಿರುವ ಆಟಗಾರರಿಗೆ ಒಂದು ನಂಬರ್: 14416. ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ. ಇದರ ಮುಖ್ಯ ಹೊಣೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದು. ದಿನದ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕಾಸು ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಫೋನ್ ಎತ್ತುವವರಿಗೆ ನಿಮ್ಮ ಸೆಲೆಕ್ಟರ್ ಯಾರು ಎಂದು ಗೊತ್ತಿರುವುದಿಲ್ಲ.